ಟಿಕೆಟ್ ಮಾರಿದವರು, ಪತ್ರ ಬರೆದವರು

೨೦೨೪ನೆಯ ಇಸವಿ ಮಾರ್ಚ್ ತಿಂಗಳ ಹತ್ತನೆಯ ತಾರೀಖು, ಭಾನುವಾರ. ಚಳಿಗಾಲ ಮುಗಿಯಿತೆನ್ನುವಂತಿಲ್ಲ, ವಸಂತ ಬಂದಿತೆನ್ನುವಂತೆಯೂ ಇಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣಕ್ಕಿರುವ ಹಾರ್ಲೋಸ್ ಫೋರ್ಡ್ ಊರಿನ ಮೇಲೆ ಬೆಳಗಿನಿಂದಲೂ ಮಳೆಯೋ ಹಿಮವೋ ಎಂದು ತೀರ್ಮಾನಿಸಲಾಗದ ಒದ್ದೆ ಹನಿ ಬೀಳುತ್ತಿತ್ತು. ಬೇಸಿಗೆಯ ಹಗಲಿಗೆ ಹೊಂದಿಕೊಳ್ಳಲು ಆ ದೇಶದಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕಾದ ದಿನವೂ ಅದೇ. ಹಿಂದಿನ ದಿನದ ಸೋಲಿನ ದುಃಖದಲ್ಲಿ ಊರಿನ ಅರ್ಧ ಜನ ಅದನ್ನು ಮರೆತು, ಪಾದ್ರಿಗಳು ಪ್ರವಚನ ಮುಗಿಸುವ ಹೊತ್ತಿಗೆ ಚರ್ಚಿಗೆ ಬಂದರು. ಡೆಲ್ಬರ್ಟ್ ಹ್ಯಾಸಲ್‌ಬ್ರಿಂಗ್ ಮರೆತಿರಲಿಲ್ಲ. ಎಪ್ಪತ್ತೆಂಟು ವರ್ಷದ ಬಾಳಿನಲ್ಲಿ ಅವರು ಯಾವ ತಾರೀಖನ್ನೂ ಮರೆತವರಲ್ಲ. ಮರೆಯಬೇಕೆಂದು ಹಂಬಲಿಸಿದ ಕೆಲವನ್ನು ಕೂಡ.

ಡೆಲ್ಬರ್ಟ್ ಅದೇ ಊರಿನ ಕಿಂಬರ್ಲಿನ್ ಕಾಲೇಜಿನ ಟಿಕೆಟ್ ಕಿಟಕಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದವರು. ಸಂಜೆಯ ಹೊತ್ತು ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕದ ಉದ್ದ ಮೇಜಿನಲ್ಲಿ ಕುಳಿತು ಅಂಕಗಳನ್ನು ಬರೆಯುತ್ತಿದ್ದರು. ಅವರ ಎಡಗಡೆಯ ಕುರ್ಚಿ ಗಡಿಯಾರ ನಡೆಸುವವರದು. ೧೯೮೭ರವರೆಗೆ ಆ ಕುರ್ಚಿಯಲ್ಲಿ ಕುಳಿತವರು ವೆಂಡೆಲ್ ಸ್ಟ್ರೋ. ಹಗಲು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ, ಸಂಜೆ ಈ ಕೆಲಸ. ಇಬ್ಬರೂ ಬಾಲ್ಯದ ಗೆಳೆಯರು. ಅಂಕ ಬರೆಯುವವರೂ ಗಡಿಯಾರ ನಡೆಸುವವರೂ ಒಬ್ಬರನ್ನೊಬ್ಬರು ನಂಬದಿದ್ದರೆ ಆಟ ನಡೆಯುವುದಿಲ್ಲ ಎಂದು ವೆಂಡೆಲ್ ಹೇಳುವುದಿತ್ತು.

ಊರಿನಲ್ಲೊಂದು ಪದ್ಧತಿಯಿತ್ತು. ವರ್ಷದ ಕೊನೆಯ ಆಟ ಸೋತ ಮರುದಿನ, ಚರ್ಚು ಮುಗಿದ ಮೇಲೆ, ಹಳೆಯ ಅಭಿಮಾನಿಗಳು ವೊಂಡಾ ರಿಡಲ್ ಅವರ ಹೋಟೆಲಿನ ಮೂಲೆ ಮೇಜಿಗೆ ಬರುತ್ತಿದ್ದರು. ಅದಕ್ಕೆ ‘ವರ್ಷವನ್ನು ಮಣ್ಣು ಮಾಡುವುದು’ ಎಂದು ಹೆಸರು. ವೊಂಡಾರ ತಾಯಿ ೧೯೫೮ರಲ್ಲಿ ಹಾಕಿಕೊಟ್ಟ ನಿಯಮ ಒಂದೇ: ಆಡಿದ ಹುಡುಗರನ್ನಾಗಲಿ ಕೋಚನ್ನಾಗಲಿ ದೂರುವ ಮುನ್ನ, ಸೋಲಿಗೆ ತಾನೇನು ಕಾರಣನಾದೆ ಎಂಬುದನ್ನು ಪ್ರತಿಯೊಬ್ಬರೂ ಒಪ್ಪಿಕೊಳ್ಳಬೇಕು. ಗೆಲುವಿನ ಟೋಪಿ ಮರೆತೆ, ರೇಡಿಯೋ ತಡವಾಗಿ ಹಾಕಿದೆ, ಹೀಗೆ. ಎಲ್ಲರೂ ನಗುತ್ತಿದ್ದರು, ಆದರೂ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಆ ಭಾನುವಾರ ಮೇಜಿನ ಸುತ್ತ ನಾಲ್ವರಿದ್ದರು: ಡೆಲ್ಬರ್ಟ್, ವೆಂಡೆಲ್, ವೊಂಡಾ, ಮತ್ತು ಟ್ರ್ಯಾಕ್ಟರ್ ಅಂಗಡಿಯ ಗಾರ್ಲಂಡ್ ಗಾಸ್. ಅವರ ತಲೆಯ ಮೇಲಿನ ಗೋಡೆಯಲ್ಲಿ ಜಾಲೆನ್ ಮ್ಯಾಬ್ರಿ ಎಂಬ ಇಪ್ಪತ್ತರ ಆಟಗಾರನ ಚಿತ್ರ. ಗಾರ್ಲಂಡರ ಅಂಗಡಿಯ ಹಸಿರು ಟ್ರ್ಯಾಕ್ಟರಿಗೆ ಒರಗಿ ನಗುತ್ತಿದ್ದಾನೆ. ೨೦೨೧ರ ಜುಲೈ ಒಂದರಿಂದ ಕಾಲೇಜು ಆಟಗಾರರು ತಮ್ಮ ಹೆಸರನ್ನೂ ಮುಖವನ್ನೂ ಜಾಹೀರಾತಿಗೆ ಕೊಟ್ಟು ಬಹಿರಂಗವಾಗಿ ಹಣ ಪಡೆಯಬಹುದಾಗಿತ್ತು. ಊರಿನವರು ಒಂದು ನಿಧಿಯನ್ನೇ ಕಟ್ಟಿ ಅವನಿಗೆ ವರ್ಷಕ್ಕೆ ನಲವತ್ತು ಸಾವಿರ ಡಾಲರು ಕೊಟ್ಟಿದ್ದರು. ಡೆಲ್ಬರ್ಟ್ ಮಾತ್ರ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಆಡುವ ಹುಡುಗರಿಗೆ ಹಣ ಸಲ್ಲದು ಎಂದು ಮೂರು ವರ್ಷ ಸಿಕ್ಕವರೊಡನೆಲ್ಲ ವಾದಿಸಿದ್ದರು. ಆ ವಾದದ ಕಾವು ಎಲ್ಲಿಂದ ಬರುತ್ತದೆಂದು ಅವರಿಗೆ ಒಳಗೊಳಗೇ ತಿಳಿದಿತ್ತು.

ಹಿಂದಿನ ದಿನ, ಆಸುಪಾಸಿನ ಕಾಲೇಜುಗಳ ಲೀಗಿನ ಅಂತಿಮ ಪಂದ್ಯದಲ್ಲಿ, ನಾಲ್ಕು ಸೆಕೆಂಡು ಉಳಿದಿರುವಾಗ ಜಾಲೆನ್‌ಗೆ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಎದುರಿಗೆ ಯಾರೂ ಅಡ್ಡ ಬರಬಾರದ ಎಸೆತಗಳು. ಎರಡೂ ತಪ್ಪಿದವು. ಎಪ್ಪತ್ತೊಂದಕ್ಕೆ ಎಪ್ಪತ್ತು, ಒಂದೇ ಅಂಕದ ಸೋಲು.

“ನಲವತ್ತು ಸಾವಿರ!” ಗಾರ್ಲಂಡ್ ಕಾಫಿ ಲೋಟವನ್ನು ಕುಕ್ಕಿದರು. “ನಮ್ಮಜ್ಜಿ ಕಣ್ಣುಮುಚ್ಚಿ ಎಸೆದಿದ್ರೂ ಒಂದಾದ್ರೂ ಒಳಗೆ ಬೀಳ್ತಿತ್ತು.”

“ಏಯ್ ಗಾರ್ಲಂಡ್, ಮೊದ್ಲು ನಿನ್ ತಪ್ಪು ಹೇಳು. ಆಮೇಲೆ ಹುಡುಗನ ಸುದ್ದಿ,” ಎಂದರು ವೊಂಡಾ.

“ಅದು ಹುಡುಗರ ಕಾಲಕ್ಕೆ ಇದ್ದ ನಿಯಮ ಕಣಮ್ಮ. ಇವ್ನು ಹುಡುಗ ಅಲ್ಲ, ಸಂಬಳದೋನು. ಸಂಬಳ ತಗೊಂಡೋನ್ನ ಬೈಯೋ ಹಕ್ಕು ನಂಗಿದೆ.”

“ಓಹೋ! ಹಾಗಾದ್ರೆ ನಿನ್ ಅಂಗಡಿಲಿ ತಂದ ಹುಲ್ಲು ಕತ್ತರಿಸೋ ಮಿಷನ್ನು ಹದಿನೈದೇ ದಿನಕ್ಕೆ ಕೆಟ್ಟು ಕೂತಿತಲ್ಲಪ್ಪ, ಅವತ್ತು ನಾನೆಷ್ಟು ಬೈಬೇಕಿತ್ತು?”

ವೆಂಡೆಲ್ ನಕ್ಕರು. ಗಾರ್ಲಂಡ್ ಗೊಣಗಿಕೊಂಡೇ ಒಪ್ಪಿಕೊಂಡರು: “ಆಯ್ತು ಮಾರಾಯ್ತಿ. ಆ ಎರಡು ಎಸೆತಕ್ಕೂ ನಾನು ಕಣ್ಣು ಮುಚ್ಕೊಂಡಿದ್ದೆ. ನೋಡ್ಲಿಲ್ಲ. ಸಾಕಾ?”

“ಸಾಕು. ನಂದು ಕೇಳಿ. ನಮ್ಮೆಜಮಾನ್ರ ಬೂದು ಕಾಲುಚೀಲ ಇತ್ತಲ್ಲ, ಅವ್ರು ಸತ್ತ ಮೇಲೂ ಪ್ರತಿ ಆಟಕ್ಕೂ ಒಗೀದೆ ನಾನೇ ಹಾಕ್ಕೋತಿದ್ದೆ. ಶುಕ್ರವಾರ ಮರೆತು ಒಗೆದುಬಿಟ್ಟೆ.” ವೊಂಡಾ ಸಕ್ಕರೆ ಕೆನೆಯ ಪೈ ಎಂಬ ಸಿಹಿತಿಂಡಿಯನ್ನು ಕತ್ತರಿಸಿ ಎಲ್ಲರ ತಟ್ಟೆಗೂ ಹಾಕಿದರು. “ವೆಂಡೆಲ್, ನಿಂದು ಗೊತ್ತಿರೋದೇ. ಹೇಳಿಬಿಡಪ್ಪ.”

ಗೊತ್ತಿರುವುದೇ. ೧೯೮೮ರಿಂದ ಈಚೆಗೆ, ವರ್ಷ ಮಣ್ಣು ಮಾಡಿದಾಗಲೆಲ್ಲ, ವೆಂಡೆಲ್ ಒಂದೇ ವಾಕ್ಯ ಹೇಳುತ್ತಿದ್ದರು: ‘ನಾನು ಟಿಕೆಟ್ ಮಾರಿದೆ.’ ಎಲ್ಲರೂ ಮೇಜು ತಟ್ಟಿ ನಗುತ್ತಿದ್ದರು. ಡೆಲ್ಬರ್ಟರೂ ನಗುತ್ತಿದ್ದರು.

ಅದರ ಹಿಂದಿನ ಸಂಗತಿ ಇಷ್ಟು. ೧೯೮೭ನೆಯ ಫೆಬ್ರವರಿ ಹದಿನೇಳು, ಮಂಗಳವಾರ, ತಂಡದ ಜೀವಾಳವಾಗಿದ್ದ ಓಡೆಲ್ ಪ್ರೂಯಿಟ್ ಎಂಬ ಹುಡುಗ ಡೆಲ್ಬರ್ಟರ ಕಿಟಕಿಗೆ ಬಂದು ನಿಂತನು. ಅವನನ್ನು ಸಾಕಿದ ಅಜ್ಜಿ ಗ್ಯಾರಿ ನಗರದಲ್ಲಿ ತೀರಿಕೊಂಡಿದ್ದಳು. ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಡೆಲ್ಬರ್ಟ್ ಎರಡನೆಯ ಮಾತಿಲ್ಲದೆ ಜೇಬಿನಿಂದ ಮೂವತ್ತೆಂಟು ಡಾಲರು ತೆಗೆದುಕೊಟ್ಟರು. ಹುಡುಗ ನಿಲ್ದಾಣಕ್ಕೆ ಹೋಗಿ ವೆಂಡೆಲರಿಂದ ಟಿಕೆಟ್ ಕೊಂಡನು; ಶುಕ್ರವಾರ ಹಿಂದಿರುಗಿ ಬಂದನು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಂದಿನ ನಿಯಮದ ಪ್ರಕಾರ ಆಟಗಾರನಿಗೆ ಮನೆಯವರಲ್ಲದೆ ಯಾರೂ ಒಂದು ಲೋಟ ಕಾಫಿಯನ್ನೂ ಕೊಡುವಂತಿರಲಿಲ್ಲ. ನಿಯಮ ಮುರಿದೆನೆಂಬುದು ಡೆಲ್ಬರ್ಟರಿಗೆ ಗಂಟಲಿನ ಮುಳ್ಳಾಯಿತು. ಹುಡುಗನಿಂದ ಟಿಕೆಟ್ಟಿನ ಉಳಿದ ತುಂಡನ್ನು ಕೇಳಿ ಪಡೆದು, ೨೨ನೆಯ ತಾರೀಖು ಲೀಗಿನ ಕಚೇರಿಗೆ ಎರಡು ಪುಟದ ಪತ್ರ ಬರೆದರು. ತಾರೀಖು, ಬಸ್ಸು ಹೊರಟ ಸಮಯ, ಟಿಕೆಟ್ ಸಂಖ್ಯೆ, ಒಂದನ್ನೂ ಬಿಡಲಿಲ್ಲ. ತಾನಾಗಿ ಹೇಳಿಕೊಂಡವನನ್ನು ಕ್ಷಮಿಸುತ್ತಾರೆಂಬುದು ಅವರ ದೃಢವಾದ ನಂಬಿಕೆ.

ಕ್ಷಮಿಸಲಿಲ್ಲ. ಮಾರ್ಚ್ ಎರಡರಂದು ಓಡೆಲ್‌ನನ್ನು ಉಳಿದ ಆಟಗಳಿಂದ ಹೊರಗಿಟ್ಟರು. ಮಾರ್ಚ್ ಏಳರಂದು ಅವನಿಲ್ಲದ ತಂಡ ಅಂತಿಮ ಪಂದ್ಯವನ್ನು ಒಂದು ಅಂಕದಿಂದ ಸೋತಿತು. ಲೀಗಿನ ಆದೇಶ ಪತ್ರಿಕೆಯಲ್ಲಿ ಅಚ್ಚಾಯಿತು. ಹಣ ಕೊಟ್ಟವರ ಹೆಸರಿರಲಿಲ್ಲ. ಟಿಕೆಟ್ಟಿನ ಸಂಖ್ಯೆ ಇತ್ತು. ಅಷ್ಟು ಕರಾರುವಾಕ್ಕಾದ ಸಂಖ್ಯೆ ಟಿಕೆಟ್ ಮಾರಿದವನಿಗಲ್ಲದೆ ಮತ್ತಾರಿಗೆ ಗೊತ್ತಿರಲು ಸಾಧ್ಯವೆಂದು ಊರು ತೀರ್ಪು ಕೊಟ್ಟಿತು. ಓಡೆಲ್ ಯಾರ ಹೆಸರನ್ನೂ ಹೇಳದೆ ಮೇ ತಿಂಗಳಲ್ಲಿ ಕಾಲೇಜು ಬಿಟ್ಟು ಉಕ್ಕಿನ ಕಾರ್ಖಾನೆಗೆ ಸೇರಿದನು. ಅಕ್ಟೋಬರಿನಲ್ಲಿ ವೆಂಡೆಲರನ್ನು ಗಡಿಯಾರದ ಕುರ್ಚಿಯಿಂದ ಎಬ್ಬಿಸಿದರು. ಲೀಗಿನಿಂದ ವಿಷಯ ತಿಳಿದ ಕಾಲೇಜಿನ ಅಧ್ಯಕ್ಷರು ಡೆಲ್ಬರ್ಟರನ್ನು ಕರೆದು ಬಾಯಿ ಬಿಡಕೂಡದೆಂದು ಅಪ್ಪಣೆ ಮಾಡಿದ್ದರು. ಆ ಅಧ್ಯಕ್ಷರು ೧೯೯೪ರಲ್ಲಿ ತೀರಿಹೋದರು. ಆಮೇಲಿನ ಮೂವತ್ತು ವರ್ಷದ ಮೌನಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ.

“ಈ ಸಲ ಹೇಳಲ್ಲ,” ಎಂದರು ವೆಂಡೆಲ್.

“ಯಾಕೋ? ಮರೆವು ಶುರುವಾಯ್ತಾ?” ಗಾರ್ಲಂಡ್ ಕಣ್ಣು ಮಿಟುಕಿಸಿದರು.

“ಮರೆವಲ್ಲ ಕಣೋ.” ವೆಂಡೆಲ್ ಗೋಡೆಯ ಚಿತ್ರದ ಕಡೆ ನೋಡಿದರು. “ಈ ಹುಡುಗನ ಪಟದ ಕೆಳಗೆ ಕೂತ್ಕೊಂಡು ಅದನ್ನ ಹೇಳಕ್ಕೆ ಬಾಯಿ ಬರಲ್ಲ. ಇವ್ನು ತಪ್ಪು ಮಾಡಿಲ್ಲ ಅಂತೀನಿ. ಕೊಟ್ರು, ತಗೊಂಡ, ಒಳ್ಳೇದಾಯ್ತು. ಆದ್ರೆ ಓಡೆಲ್? ಅಜ್ಜಿ ಮಣ್ಣಿಗೆ ಹೋಗಕ್ಕೆ ಮೂವತ್ತೆಂಟು ಡಾಲರ್ ತಗೊಂಡಿದ್ದಕ್ಕೆ ಅವನ ಬದುಕನ್ನೇ ತೆಗೆದ್ರು. ಅದನ್ನ ಇಷ್ಟು ವರ್ಷ ನಾನು ಜೋಕ್ ಮಾಡ್ಕೊಂಡು ಬಂದೆ. ಯಾಕೆ ಹೇಳು? ನೀವು ಬೈಯೋಕ್ಕಿಂತ ನಗೋದು ವಾಸಿ ಅಂತ.”

ವೆಂಡೆಲ್ ಚಿತ್ರದಿಂದ ಕಣ್ಣು ತೆಗೆದು ಮೂವರ ಕಡೆ ತಿರುಗಿದರು.

“ಒಂದ್ಸಲನಾದ್ರೂ ನಗದೆ ಹೇಳ್ತೀನಿ. ಟಿಕೆಟ್ ಮಾರಿದ್ದು ನಾನೇ. ಲೀಗಿಗೆ ಹೇಳಿದ್ದು ನಾನಲ್ಲ.”

“ಆಯ್ತು ಬಿಡಯ್ಯ,” ಎಂದರು ಗಾರ್ಲಂಡ್, ಮಗುವನ್ನು ಸಮಾಧಾನಪಡಿಸುವವರಂತೆ. “ಈಗ ಯಾರಪ್ಪ ಕೇಳಿದ್ರು? ಎಲ್ಲ ಹಳೇದಾಯ್ತು. ನೀನೇ ಹೇಳಿದ್ರೂ ಈಗೇನು ನೇಣಿಗೆ ಹಾಕ್ತಾರಾ?”

ಆ ಸಮಾಧಾನದಲ್ಲಿ ನಂಬಿಕೆಯ ಲವಲೇಶವೂ ಇರಲಿಲ್ಲ. ವೆಂಡೆಲ್ ತಲೆ ತಗ್ಗಿಸಿದರು. ಡೆಲ್ಬರ್ಟ್ ಅದನ್ನು ಕಂಡರು. ಆ ವರ್ಷಕ್ಕೆಂದು ಅವರು ಸಿದ್ಧಮಾಡಿಕೊಂಡು ಬಂದಿದ್ದ ತಪ್ಪು ಸಣ್ಣದು: ಮನೆಯಲ್ಲಿ ಅಂಕ ಬರೆಯುವಾಗ ಪೆನ್ಸಿಲಿನ ಬದಲು ಪೆನ್ನು ಹಿಡಿದಿದ್ದೆ ಎಂದು. ಆ ಮಾತು ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಎಲ್ಲರೂ ನಕ್ಕು ಪೈ ಮುಗಿಸುತ್ತಿದ್ದರು.

“ಡೆಲ್, ನಿಂದು,” ಎಂದರು ವೊಂಡಾ.

“ಪತ್ರ ಬರೆದಿದ್ದು ನಾನು,” ಎಂದರು ಡೆಲ್ಬರ್ಟ್.

“ಯಾವ ಪತ್ರ?”

“ಎಂಬತ್ತೇಳರ ಫೆಬ್ರವರಿ ಇಪ್ಪತ್ತೆರಡು. ಲೀಗಿಗೆ. ಓಡೆಲ್‌ಗೆ ದುಡ್ಡು ಕೊಟ್ಟಿದ್ದೂ ನಾನೇ, ಹೇಳಿದ್ದೂ ನಾನೇ. ಅವ್ನಿಗೆ ಕೇಡಾಗ್ಲಿ ಅಂತ ಅಲ್ಲ ವೆಂಡೆಲ್. ಒಪ್ಕೊಂಡ್ರೆ ಬಿಟ್ಬಿಡ್ತಾರೆ ಅಂದ್ಕೊಂಡಿದ್ದೆ.”

ಗಾರ್ಲಂಡರ ಬಾಯಿ ತೆರೆದೇ ಉಳಿಯಿತು. ವೆಂಡೆಲ್ ಡೆಲ್ಬರ್ಟರ ಕಡೆ ಬಾಗಿದರು. ನಂತರ ಕೇಳಿದರು:

“ಟಿಕೆಟ್ ನಂಬರ್ ಹೇಳು.”

“ನಾಲ್ಕು, ಒಂದು, ಒಂದು, ಆರು, ಸೊನ್ನೆ, ಏಳು.”

“ಹೂಂ. ಅದೇ.” ವೆಂಡೆಲ್ ಕೈಯಲ್ಲಿದ್ದ ಮುಳ್ಳುಚಮಚವನ್ನು ತಟ್ಟೆಯ ಪಕ್ಕದಲ್ಲಿ ನೆಟ್ಟಗೆ ಇಟ್ಟರು. “ಅದನ್ನ ಬರೀಲೇಬೇಕಾಗಿತ್ತೇನೋ ನಿಂಗೆ? ತಾರೀಖು ಬರೆದಿದ್ರೆ ಸಾಕಾಗ್ತಿರ್ಲಿಲ್ವಾ?”

“ಪೂರ್ತಿ ಬರೀಬೇಕು ಅನ್ನಿಸ್ತು.”

“ಪೂರ್ತಿ!” ವೆಂಡೆಲ್ ನಗಲು ಹೋದರು, ಆಗಲಿಲ್ಲ. “ಪೂರ್ತಿ ಬರೆದೆ, ಸಹಿ ಹಾಕಿದ್ದು ಮಾತ್ರ ಊರಿಗೆ ಕಾಣ್ಲಿಲ್ಲ. ಗಡಿಯಾರದ ಕುರ್ಚಿ ಹೋಯ್ತು, ಹೋಗ್ಲಿ ಬಿಡು. ಆರ್ಲೀನ್ ಇದ್ಳಲ್ಲ, ನನ್ ಹೆಂಡ್ತಿ, ಕೊನೇ ವಾರ ಆಸ್ಪತ್ರೇಲಿ ನನ್ ಕೈ ಹಿಡ್ಕೊಂಡು ಏನಂದ್ಳು ಗೊತ್ತಾ? ‘ನೀವೇ ಹೇಳಿದ್ರೂ ನಾನು ಕ್ಷಮಿಸಿದ್ದೀನಿ ಕಣ್ರೀ’ ಅಂದ್ಳು. ಡೆಲ್, ಅವ್ಳೂ ನಂಬಿರ್ಲಿಲ್ಲ. ಅವತ್ತು ನೀನು ಹೊರಗಡೆ ಬೆಂಚಿನ ಮೇಲೆ ಕೂತಿದ್ದೆ. ನಂಗೆ ಕಾಫಿ ತಂದುಕೊಟ್ಟೆ.”

೨೦೦೯ರ ನವೆಂಬರ್ ಹನ್ನೆರಡು, ಗುರುವಾರ. ಡೆಲ್ಬರ್ಟರಿಗೆ ನೆನಪಿತ್ತು. ಆದರೆ ಬಾಯಿಗೆ ಬಂದ ತಾರೀಖನ್ನು ಬದುಕಿನಲ್ಲಿ ಮೊದಲ ಬಾರಿಗೆ ಅವರು ನುಂಗಿಕೊಂಡರು.

“ತಪ್ಪಾಯ್ತು, ವೆಂಡೆಲ್.”

“ಆಯ್ತು ಅಂತ ನಂಗೂ ಗೊತ್ತು.” ವೆಂಡೆಲ್ ಎದ್ದು ಕೋಟು ಹಾಕಿಕೊಳ್ಳತೊಡಗಿದರು. ಒಂದು ತೋಳು ಸಿಗದೆ ತಡಕಾಡಿದಾಗ ಡೆಲ್ಬರ್ಟ್ ಅಭ್ಯಾಸಬಲದಿಂದ ಕೈ ಚಾಚಿದರು. “ಬೇಡ,” ಎಂದರು ವೆಂಡೆಲ್. ವೊಂಡಾ ಎದ್ದು ಬಂದು ತೋಳು ಹಿಡಿದುಕೊಟ್ಟು ಅವರನ್ನು ಬಾಗಿಲವರೆಗೆ ಬಿಟ್ಟು ಬಂದರು.

ಗಾರ್ಲಂಡ್ ಜಾಲೆನ್‌ನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. “ನಾನೇ ಮೊದಲು ಅವ್ನಿಗೆ ‘ಟಿಕೆಟ್ ವೆಂಡೆಲ್’ ಅಂತ ಹೆಸರಿಟ್ಟಿದ್ದು,” ಎಂದು ತಟ್ಟೆಯನ್ನು ನೋಡುತ್ತ ಹೇಳಿದರು, “ನಿನ್ ಪಕ್ಕದಲ್ಲೇ ಕೂತ್ಕೊಂಡು. ನೀನೂ ನಗ್ತಿದ್ಯಲ್ಲೋ ಡೆಲ್.”

“ನಗ್ತಿದ್ದೆ,” ಎಂದರು ಡೆಲ್ಬರ್ಟ್.

ಮುಂದೆ ನಡೆದದ್ದು ಹೀಗೆ. ಡೆಲ್ಬರ್ಟ್ ಊರಿನ ಪತ್ರಿಕೆಗೆ ಬರೆದುಕೊಟ್ಟ ಹೇಳಿಕೆ ೨೦೨೪ರ ಮಾರ್ಚ್ ೨೧, ಗುರುವಾರ ಪ್ರಕಟವಾಯಿತು. ಅದರಲ್ಲಿ ವೆಂಡೆಲರ ಹೆಸರು ಮೂರು ಕಡೆ ಇತ್ತು. ನೆಪ ಒಂದೂ ಇರಲಿಲ್ಲ. ಏಪ್ರಿಲ್ ಒಂದರಿಂದ ಡೆಲ್ಬರ್ಟ್ ಆಟಗಾರರ ನಿಧಿಗೆ ತಿಂಗಳು ತಿಂಗಳು ಹಣ ಕೊಡತೊಡಗಿದರು. ಆ ವಿಷಯದಲ್ಲಿ ಯಾರೊಡನೆಯೂ ಮತ್ತೆ ವಾದ ಮಾಡಲಿಲ್ಲ. ಜಾಲೆನ್ ಮ್ಯಾಬ್ರಿ ಮೇ ತಿಂಗಳಲ್ಲಿ ಹೆಚ್ಚು ಹಣ ಕೊಡುವ ದೊಡ್ಡ ಕಾಲೇಜಿಗೆ ಹೊರಟುಹೋದನು. ಗ್ಯಾರಿಯಲ್ಲಿದ್ದ ಓಡೆಲ್ ಪ್ರೂಯಿಟ್‌ಗೆ ಡೆಲ್ಬರ್ಟ್ ಬರೆದ ಪತ್ರಕ್ಕೆ ಮೇ ಎರಡರಂದು ನಾಲ್ಕು ಸಾಲಿನ ಉತ್ತರ ಬಂತು: ಅಜ್ಜಿಯ ಮುಖ ನೋಡಲು ಸಿಕ್ಕಿತು, ಅದಕ್ಕೆ ಕೃತಜ್ಞ, ಪತ್ರ ಬರೆದವರು ಯಾರೆಂದು ಅಂದೇ ಊಹಿಸಿದ್ದೆ, ಆ ಪಂದ್ಯ ಈಗಲೂ ಕೆಲವೊಮ್ಮೆ ನೆನಪಾಗುತ್ತದೆ, ಮತ್ತೆ ಬರೆಯಬೇಕಾಗಿಲ್ಲ.

ನವೆಂಬರ್ ಒಂಬತ್ತರಂದು, ಆ ವರ್ಷದ ಮೊದಲ ಆಟಕ್ಕೆ, ಗಡಿಯಾರದ ಕುರ್ಚಿಯಲ್ಲಿ ಕೂರಬೇಕೆಂದು ಕಾಲೇಜು ವೆಂಡೆಲರನ್ನು ಆಹ್ವಾನಿಸಿತು. ಕಣ್ಣು ಸಾಲದೆಂದು ಅವರು ಒಪ್ಪಲಿಲ್ಲ. ಆರನೆಯ ಸಾಲಿನಲ್ಲಿ ಮಗಳೊಡನೆ ಕುಳಿತು ಆಟ ನೋಡಿ ಹೋದರು. ವೊಂಡಾರ ಹೋಟೆಲಿಗೆ ಅವರು ಏಪ್ರಿಲ್ ಏಳರಿಂದಲೇ ಮತ್ತೆ ಬರತೊಡಗಿದ್ದರು. ಮೂಲೆ ಮೇಜಿನಲ್ಲಿ ಮಾತ್ರ ಕೂರುವುದಿಲ್ಲ. ಡೆಲ್ಬರ್ಟ್ ಒಳಗೆ ಬಂದಾಗ ಕಂಡೆನೆಂಬಂತೆ ತಲೆಯಾಡಿಸುತ್ತಾರೆ, ಮಾತಾಡುವುದಿಲ್ಲ.