ಕಾಗೆಗಿಟ್ಟ ಅನ್ನ, ಕಾಡುಬೆಕ್ಕಿನ ಪ್ರಾಣ

ಮೊನ್ನೆ ಬೆಳಿಗ್ಗೆ ನೋಡಿದರೆ ಕಾರಿನ ಮೇಲೆಲ್ಲ ಪೈನ್ ಮರಗಳ ಹಳದಿ ಹುಡಿ, ಹುಡಿಯ ಮೇಲೆ ಯಾವುದೋ ಬೆಕ್ಕಿನ ಹೆಜ್ಜೆ. ಅಮೆರಿಕದ ನಮ್ಮ ರಾಲಿ ಊರಿನ ವಸಂತವೇ ಹಾಗೆ ನೋಡಿ, ಹೂವಿಗಿಂತ ಸೀನು ಹೆಚ್ಚು. ಒರೆಸಲು ಬಟ್ಟೆ ಹಿಡಿದವನಿಗೆ ಸಾವಿತ್ರಿ ಆಂಟಿ ನೆನಪಾದರು. ಧಾರವಾಡದವರು, ಪಕ್ಕದ ಮನೆಯಲ್ಲಿ ಮಗಳೊಡನೆ ಇದ್ದರು.

ಆಗ ನಮ್ಮ ಹಿತ್ತಲಿನಾಚೆಯ ಕಾಡಿಗೆ ಬಾಬ್‌ಕ್ಯಾಟ್ ಬಂದಿತ್ತು. ಮೋಟು ಬಾಲದ ಕಾಡುಬೆಕ್ಕು. ಯಾರದೋ ಮನೆಯ ಕೊಬ್ಬಿದ ಬೆಕ್ಕೆಂದು ತಿಳಿದು ನಾನು "ಬಾ ಪುಟ್ಟ, ಹಾಲು ಬೇಕಾ?" ಎಂದು ಕರೆದಿದ್ದೆ. ಅದು ನೋಡಿದ ನೋಟಕ್ಕೆ ನಾನು ಬಾಗಿಲು ಹಾಕಿದ ವೇಗ ನನಗೇ ಆಶ್ಚರ್ಯ.

ಬೇಟೆಯ ಸೀಸನ್ ಹತ್ತಿರವಾದಾಗ ಬಡಾವಣೆಯ ಸಭೆ ಸೇರಿತು. ಬಾಬ್‌ಕ್ಯಾಟ್ ಹಿಡಿಯಲು ನಮ್ಮ ಕಾಡಿನಲ್ಲೂ ಬೋನಿಡಲು ಬಿಡಬೇಕೇ, ಬೇಡವೇ? ಬೋನಿಗೆ ಬಿದ್ದರೆ ಕೊಂದೇ ಬಿಡುತ್ತೇನೆ ಎಂದು ಬೋನಿಡುವವನು ಮೊದಲೇ ಹೇಳಿದ್ದ. ಎದುರುಮನೆಯ ಡೇವ್ ತನ್ನ ಪುಟ್ಟ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬೋನಿನ ಪರ ವಾದಿಸಿದ. ಆ ನಾಯಿಯ ಮುಖ ನೋಡಿ ಬೇಡವೆನ್ನಲು ಯಾರಿಗೆ ಬಾಯಿ ಬರಬೇಕು? ಇನ್ನೇನು ಕೈಗಳು ಏಳಬೇಕು, ಆಂಟಿ ನನ್ನ ತೋಳು ಚಿವುಟಿದರು.

"ಏಳೋ, ನಾ ಹೇಳೂದನ್ನ ಇವ್ರಿಗೆ ಇಂಗ್ಲಿಷ್‌ನಾಗ ಹೇಳು. ತಪ್ಪು ಬೆಕ್ಕಿಂದಲ್ಲ, ನಂದು. ದಿನಾ ಕಾಗಿಗಂತ ಹಿತ್ತಲದಾಗ ಅನ್ನ ಇಡ್ತೀನಲ್ಲಾ, ಉಳದದ್ದಕ್ಕ ಇಲಿ ಬರ್ತಾವ, ಇಲಿ ಹಿಂದ ಅದು ಬರ್ತದ. ನಾಳಿಂದ ಇಡೂದಿಲ್ಲ, ಒಂದ್ ತಿಂಗಳು ನೋಡ್ರಿ ಅನ್ನು."

ಅಂಕಲ್ ತೀರಿಕೊಂಡಂದಿನಿಂದ ಆ ಅನ್ನ ತಪ್ಪಿರಲಿಲ್ಲ. ಕಾಗೆ ಮುಟ್ಟಿದ ಮೇಲೆಯೇ ಆಂಟಿಯ ಊಟ.

"ಅದು ಅಂಕಲ್‌ಗೆ ಇಡೋದಲ್ವಾ ಆಂಟಿ?" ಎಂದು ಪಿಸುಗುಟ್ಟಿದೆ.

"ಮೊದ್ಲ ಸಿಟ್ಟಿನ ಮನಷ್ಯಾ ಅವ್ರು. ತಮ್ಮ ಅನ್ನದ ಸಲುವಾಗಿ ಒಂದು ಜೀವ ಹೋತಂದ್ರ ನನ್ನ ಬಿಡ್ತಾರೇನು? ನೀ ಹೇಳು!"

ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಕಾಗೆ, ಇಲಿ, ಅಂಕಲ್ ಎಲ್ಲ ಸೇರಿ ಚಿತ್ರಾನ್ನವಾಯಿತು. ಡೇವ್ ನಾಯಿಯ ಕಿವಿ ನೇವರಿಸುತ್ತ ಕೇಳಿದ: "ತೀರಿಹೋದ ಗಂಡನಿಗೆ ದಿನಾ ಊಟ ಇಡ್ತಾರಾ?" ಹೌದೆಂದೆ. ನಾಯಿಯನ್ನು ತೊಡೆಯಿಂದ ಕೆಳಗಿಳಿಸಿ, "ಹಾಗಾದರೆ ಒಂದು ತಿಂಗಳು ಕಾಯೋಣ," ಎಂದ.

ತಿಂಗಳೊಳಗೆ ಇಲಿಗಳು ಚದುರಿದವು, ಬಾಬ್‌ಕ್ಯಾಟ್ ಹಳ್ಳದಾಚೆ ಸರಿಯಿತು, ಬೋನಿನ ಮಾತು ಬಿದ್ದುಹೋಯಿತು. ಸುದ್ದಿ ಕೇಳಿ ಆಂಟಿ "ಉಶ್ಶಪ್ಪಾ!" ಎಂದು ಕುರ್ಚಿಗೆ ಒರಗಿದರು. ಆಮೇಲೆ ಎದ್ದು ಬಿಸಿ ಅನ್ನ ಬಡಿಸಿ ನನ್ನ ಮುಂದಿಟ್ಟರು. "ಉಣ್ಣು. ಇನ್ನ ಮ್ಯಾಲೆ ಅವ್ರ ಪಾಲು ನಿನಗ."

ಅವರೀಗ ಮಗಳೊಡನೆ ಷಾರ್ಲೆಟ್‌ನಲ್ಲಿದ್ದಾರೆ. ಬಟ್ಟೆ ಬದಿಗಿಟ್ಟು ಫೋನ್ ಮಾಡಿದೆ.

"ಶನಿವಾರ ಡ್ರೈವ್ ಮಾಡ್ಕೊಂಡ್ ಬರ್ತೀನಿ ಆಂಟಿ."

"ಬಾ, ಹಸ್ಗೊಂಡ್ ಬಾ. ಭಾಳ ಪಾಲು ಬಾಕಿ ಅದಾವ."