ಕೈ ಎತ್ತಿದರೆ ಮೇಲೇರುವ ಅಂಗಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅಳತೆಯ ಟೇಪು ಸದಾ ಕೊರಳಲ್ಲಿ ಇರುತ್ತಿದ್ದುದರಿಂದ ಚಿಕ್ಕವರಿಗೂ ದೊಡ್ಡವರಿಗೂ ಅವಳು ಟೇಪಕ್ಕ. ತರಕಾರಿಗೆ ಹೋದಾಗಲೂ ಟೇಪು ಕೊರಳಲ್ಲೇ. ಯಾರದೋ ಮದುವೆಗೆ ಹೋಗಿ ಬಂದ ಮೇಲೆ ಫೋಟೊ ನೋಡಿದರೆ, ಸರದ ಪಕ್ಕದಲ್ಲಿ ಟೇಪೂ ನೇತಾಡುತ್ತಿತ್ತು. ಗಂಡ ಆ ಫೋಟೊಗೆ ಚೌಕಟ್ಟು ಹಾಕಿಸಿದ್ದ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒಂದು ಮೂಲೆ ಒಡೆದ ಆಳೆತ್ತರದ ಕನ್ನಡಿ. ಕನ್ನಡಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿರುತ್ತಿದ್ದರು. ತಪ್ಪಿದ ಹೊಲಿಗೆ ಬಿಚ್ಚುವ ಕೆಲಸ ಅವರದು. ಬ್ಲೇಡಿನ ತುದಿಯಲ್ಲಿ ಒಂದೊಂದೇ ನೂಲು ಎಬ್ಬಿಸುತ್ತ, ಅಂಗಡಿಗೆ ಬಂದವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ, ಕೇಳಿಸಲಿಲ್ಲವೆಂಬಂತೆ ಮುಖ ಮಾಡಿಕೊಂಡಿರುತ್ತಿದ್ದರು.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಕೆಲಸ ಚೊಕ್ಕ, ಮಾತು ತಮಾಷೆ. ಅವನ ಕೆಲಸದ ಅಂಗಿಗಳನ್ನು ಟೇಪಕ್ಕನೇ ಹೊಲಿಯುತ್ತಿದ್ದಳು. ಗೊಂದಲ ಹುಟ್ಟಿದ್ದು ಆ ಅಂಗಿಗಳಿಂದಲೇ.

"ಏನೇ, ಕೈ ಎತ್ತಿದ್ರೆ ಅಂಗಿ ಪೂರ್ತಿ ಮೇಲಕ್ಕೆ ಬರುತ್ತಲ್ಲೇ," ಎಂದ ಒಂದು ಸಂಜೆ, ಹೊಟ್ಟೆಗೆ ಹತ್ತಿದ್ದ ಸುಣ್ಣದ ಕಲೆಯನ್ನು ತಿಕ್ಕಿಕೊಳ್ಳುತ್ತ. "ಛಾವಣಿ ಬಳಿಯೋವಾಗ ಹನಿ ಎಲ್ಲ ಇಲ್ಲೇ ಬೀಳುತ್ತೆ. ಕಂಕುಳಲ್ಲಿ ಹಿಡಿದ ಹಾಗೂ ಆಗುತ್ತೆ. ಬಲಗಡೆಯಂತೂ ತುಂಬಾ."

"ಅವರ ಮನೆ ಛಾವಣಿಗಿಂತ ನಿನ್ನ ಹೊಟ್ಟೆಗೇ ಜಾಸ್ತಿ ಬಣ್ಣ ಹೋಗ್ತಿದೆ," ಎಂದರು ಅತ್ತೆ.

ಟೇಪಕ್ಕನಿಗೆ ಇದೇನು ಹೊಸ ದೂರಲ್ಲ. ಹೊಲಿಗೆ ಕಲಿಸಿದ ಅವಳ ಚಿಕ್ಕಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದಳು, ಎಲ್ಲಿ ಬಿಗಿ ಅನ್ನುತ್ತಾರೋ ಅಲ್ಲಿ ಬಿಡಬೇಕು ಎಂದು. ಅಂಗಿಯ ಮೈಗೆ ತೋಳು ಬಂದು ಕೂಡುವ ಸುತ್ತಿಗೆ ಟೇಪಕ್ಕ ಆರ್ಮ್‌ಹೋಲ್ ಅನ್ನುತ್ತಿದ್ದಳು, ಅತ್ತೆ ಕಂಕುಳ ಸುತ್ತು ಅನ್ನುತ್ತಿದ್ದರು. ಅದನ್ನು ಒಂದು ಬೆರಳು ಕೆಳಗಿಳಿಸಿ ಹೊಸ ಅಂಗಿ ಹೊಲಿದಳು. ಅವನು ತೊಟ್ಟು ಹೋದ. ಹೊಟ್ಟೆಗೆ ಮತ್ತೆ ಬಣ್ಣ ಮೆತ್ತಿಕೊಂಡು ಬಂದ. ಇನ್ನೂ ಒಂದು ಬೆರಳು ಇಳಿಸಿದಳು. ಅಂಗಿ ಮೊದಲಿಗಿಂತ ಮೇಲಕ್ಕೆ ಹೋಯಿತು. ಮತ್ತೂ ಇಳಿಸಿದಳು. ಕೊನೆಗೆ ಅವನು ಎರಡೂ ಕೈ ಅಗಲಿಸಿ ಕನ್ನಡಿಯ ಮುಂದೆ ನಿಂತರೆ, ಕಂಕುಳಿಂದ ಸೊಂಟದ ಹತ್ತಿರದವರೆಗೆ ಬಟ್ಟೆ ರೆಕ್ಕೆಯಂತೆ ತೆರೆದುಕೊಂಡಿತು.

"ಇನ್ನೊಂಚೂರು ಬಿಟ್ಬಿಡು," ಎಂದ ಗಂಡ. "ಏಣಿ ಯಾಕೆ, ಬಾವಲಿ ಥರ ಹಾರಿಕೊಂಡೇ ಛಾವಣಿ ಬಳೀತೀನಿ."

ಅವಳಿಗೆ ನಗು ಬರಲಿಲ್ಲ. ಇಷ್ಟು ಸಡಿಲ ಬಿಟ್ಟ ಮೇಲೂ ಹಿಡಿಯುವುದಾದರೂ ಹೇಗೆ? ಟೇಪು ಹಳೆಯದಾಗಿ ಹಿಗ್ಗಿದೆಯೇನೋ ಎಂದು ಹೊಸದೊಂದನ್ನು ತಂದು ಪಕ್ಕದಲ್ಲಿಟ್ಟು ನೋಡಿದಳು. ಗೆರೆಗೆ ಗೆರೆ ಸರಿಯಾಗಿತ್ತು. ಬಟ್ಟೆ ತೊಳೆದಾಗ ಕುಗ್ಗಿತೇ? ಇಲ್ಲ. ಗಂಡ ದಪ್ಪಗಾದನೇ? ಅದೂ ಇಲ್ಲ, ಇತ್ತೀಚೆಗೆ ಸೊರಗಿದ್ದನೆನ್ನಬೇಕು.

ಹೀಗೆ ತಲೆ ಕೆಡಿಸಿಕೊಂಡಿದ್ದ ದಿನಗಳಲ್ಲೇ ಪಿಟೀಲು ಮೇಷ್ಟ್ರು ಒಂದು ಕೋಟು ಹಿಡಿದು ಬಂದರು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುವ, ಆಗಾಗ ಸಭಾಂಗಣದಲ್ಲಿ ನುಡಿಸುವ ತೆಳ್ಳನೆಯ ಮನುಷ್ಯ. ಮಾತು ಅಳೆದು ಆಡುವವರು.

"ಅಪ್ಪನ ಕೋಟು ಇದು. ಒಳಗಿನ ಲೈನಿಂಗ್ ಹರಿದಿದೆ. ಅದೊಂದು ಬದಲಾಯಿಸಿ ಕೊಡಿ, ಸಾಕು. ಬರೋ ವಾರ ಕಾರ್ಯಕ್ರಮ ಇದೆ."

ಅವರು ಹೋದ ಮೇಲೆ ಟೇಪಕ್ಕ ಹಳೆಯ ಲೈನಿಂಗ್ ಬಿಚ್ಚಿದಳು. ಕರಿ ಕೋಟಿನ ಒಳಮೈ ತೆರೆದುಕೊಂಡಿತು. ಹೊಲಿಗೆ ಒಂದಕ್ಕಿಂತ ಒಂದು ಚೆಂದ. ಆದರೆ ಆರ್ಮ್‌ಹೋಲ್ ನೋಡಿ ಅವಳು ಬೆಚ್ಚಿಬಿದ್ದಳು. ಮಕ್ಕಳ ಕೋಟಿನಷ್ಟು ಸಣ್ಣ ಸುತ್ತು! ಕಂಕುಳಿಗೆ ಅಂಟಿಕೊಳ್ಳುವಷ್ಟು ಮೇಲೆ!

"ಅತ್ತೆ, ನೋಡಿ ಇಲ್ಲಿ. ಪಾಪ, ಇಷ್ಟು ವರ್ಷ ಇದರಲ್ಲಿ ಕೈ ತೂರಿಸಿ ಪಿಟೀಲು ಬಾರಿಸಿದಾರಲ್ಲ!"

"ಅವರು ಅದರ ಬಗ್ಗೆ ಏನೂ ಹೇಳ್ಲಿಲ್ಲವಲ್ಲ."

"ಸಂಕೋಚದ ಮನುಷ್ಯ, ಹೇಳ್ತಾರಾ?"

ಹೇಗೂ ಬಿಚ್ಚಿದ್ದೇ ಆಯಿತಲ್ಲ ಎಂದು, ಒಳ್ಳೆಯ ಮನಸ್ಸಿನಿಂದಲೇ, ಅವಳು ಆ ಸುತ್ತನ್ನು ಧಾರಾಳವಾಗಿ ಕೆಳಗಿಳಿಸಿ ಕತ್ತರಿಸಿದಳು. ತೋಳನ್ನೂ ಅದಕ್ಕೆ ತಕ್ಕಂತೆ ತಿದ್ದಿ ಕೂಡಿಸಿ, ಹೊಸ ಲೈನಿಂಗ್ ಹಾಕಿ, ಇಸ್ತ್ರಿ ಮಾಡಿ ಕೊಟ್ಟಳು. ಮೇಷ್ಟ್ರು ಬೆರಗಾಗಲಿ ಎಂದು ಬಾಯಿ ಬಿಡಲಿಲ್ಲ.

ಮೇಷ್ಟ್ರು ಬೆರಗಾದರು. ಮರುದಿನ ಬೆಳಿಗ್ಗೆ ಕೋಟು ತೊಟ್ಟು, ಪಿಟೀಲಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು, ಪಿಟೀಲು ತೆಗೆದು ಗದ್ದಕ್ಕೊತ್ತಿ, ಕಮಾನು ಎಳೆದರು. ಕೋಟಿನ ಹೆಗಲು ಮೇಲೆದ್ದು ಪಿಟೀಲಿಗೆ ಗುದ್ದಿತು. ಕಾಲರು ಕಿವಿಯ ಹತ್ತಿರಕ್ಕೆ ಏರಿತು. ಕೆಳಗಿನ ಅಂಚು ಅತ್ತಿತ್ತ ಕುಣಿಯಿತು. ಸ್ವರವೂ ಕುಂಟಿತು.

"ಅಮ್ಮಾ, ಏನು ಮಾಡಿದ್ರಿ ಇದಕ್ಕೆ?"

"ಕಂಕುಳಲ್ಲಿ ಸಡಿಲ ಮಾಡಿದೆ, ಮೇಷ್ಟ್ರೇ. ಆರಾಮಾಗಿರಲಿ ಅಂತ."

"ಸಡಿಲ ಮಾಡಿದ್ರೆ ಬಿಗಿ ಹೇಗಾಯ್ತು?"

ಇಬ್ಬರೂ ಕನ್ನಡಿಯಲ್ಲಿ ಕೋಟನ್ನೇ ನೋಡುತ್ತ ನಿಂತರು. ಮೇಷ್ಟ್ರು ರೇಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರು ತೋಳನ್ನೊಮ್ಮೆ ಸವರಿ, ಕೋಟು ಕಳಚಿ ಮೇಜಿನ ಮೇಲಿಟ್ಟು, "ಏನಾದ್ರೂ ಮಾಡಿ," ಎಂದಷ್ಟೇ ಹೇಳಿ ಹೋದರು.

ಟೇಪಕ್ಕ ಅಂದು ಬೇರೆ ಯಾವ ಬಟ್ಟೆಯನ್ನೂ ಮುಟ್ಟಲಿಲ್ಲ. ಗಂಡನ ಬಾವಲಿ ಅಂಗಿಯನ್ನು ತಾನೇ ತೊಟ್ಟುಕೊಂಡಳು. ಕನ್ನಡಿಯ ಮುಂದೆ ನಿಂತು ಕೈ ಎತ್ತಿದಳು. ಅಂಗಿಯ ಅಂಚು ಸರ್ರನೆ ಮೇಲಕ್ಕೆ ಹೋಯಿತು. ಕೈ ಇಳಿಸಿದಳು, ಮತ್ತೆ ಎತ್ತಿದಳು. ಈಗ ಅಂಚು ಬಿಟ್ಟು ಕಂಕುಳ ಕೆಳಗೆ ಕಣ್ಣಿಟ್ಟಳು. ತೋಳು ಮೈಗೆ ಕೂಡಿದ್ದ ಜಾಗ ಎಷ್ಟೋ ಕೆಳಗಿತ್ತು. ಕೈ ಮೇಲೆ ಹೋದಾಗ ತೋಳಿನ ಬಟ್ಟೆ ಆ ಜಾಗ ಹಿಡಿದು ಅಂಗಿಯ ಪಕ್ಕವನ್ನೆಲ್ಲ ಮೇಲಕ್ಕೆ ಜಗ್ಗುತ್ತಿತ್ತು. ಜೋತಾಡುತ್ತಿದ್ದ ಬಟ್ಟೆಯನ್ನು ಕಂಕುಳಿನವರೆಗೆ ಎತ್ತಿ ಗುಂಡುಪಿನ್ನು ಚುಚ್ಚಿ ನಿಲ್ಲಿಸಿ ಕೈ ಎತ್ತಿದಳು. ತೋಳಷ್ಟೇ ಮೇಲೆ ಹೋಯಿತು. ಅಂಗಿ ಇದ್ದಲ್ಲೇ ಇತ್ತು.

ಪಿನ್ನು ತೆಗೆದರೆ ಏರುತ್ತದೆ, ಚುಚ್ಚಿದರೆ ನಿಲ್ಲುತ್ತದೆ. ಕಣ್ಣಿಗೆ ಕಾಣುತ್ತಿದ್ದರೂ ತಲೆ ಒಪ್ಪದು.

"ಏನಮ್ಮಾ ಇದು, ಕನ್ನಡಿ ಮುಂದೆ ಕವಾಯತು?" ಎಂದರು ಅತ್ತೆ.

"ಅತ್ತೆ, ಸುತ್ತು ಸಣ್ಣದಾದ್ರೆ ಕೈ ಜಾಸ್ತಿ ಆಡುತ್ತೆ. ದೊಡ್ಡದಾದ್ರೆ ಅಂಗೀನೇ ಎಳೆಯುತ್ತೆ. ಉಲ್ಟಾ ಆಗ್ಬೇಕಿತ್ತಲ್ವಾ?"

ಅತ್ತೆ ಬ್ಲೇಡು ಕೆಳಗಿಟ್ಟು ಯೋಚಿಸಿದರು. "ಬಾಗಿಲಿನ ಕೀಲು ಅಂಚಲ್ಲಿದ್ರೆ ಬಾಗಿಲು ಮಾತ್ರ ತಿರುಗುತ್ತೆ. ಗೋಡೇಲಿ ಎಲ್ಲೋ ದೂರ ಮೊಳೆ ಹೊಡೆದು ಹಗ್ಗ ಕಟ್ಟಿದ್ರೆ ಬಾಗಿಲ ಜೊತೆ ಗೋಡೇನೂ ಬರುತ್ತೆ." ಸ್ವಲ್ಪ ತಡೆದು, "ಅಥವಾ ಬರಲ್ವೇನೋ," ಎಂದು ಮತ್ತೆ ಬ್ಲೇಡು ಎತ್ತಿಕೊಂಡರು.

ಟೇಪಕ್ಕನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಹಳೆಯ ಗಿರಾಕಿಗಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕಂಬಿ ಹಿಡಿದು ನಿಲ್ಲುವ ಬಸ್ ಕಂಡಕ್ಟರ್. ಬೋರ್ಡಿನ ಮೇಲ್ತುದಿಗೆ ಬರೆಯುವ ಟೀಚರಮ್ಮ. ಎಲ್ಲರೂ "ಹಿಡಿಯುತ್ತೆ" ಎಂದು ಬಂದವರು, ಎಲ್ಲರಿಗೂ ಅವಳು ಬಿಟ್ಟುಕೊಟ್ಟಿದ್ದಳು, ಅವರೂ ಸುಮ್ಮನೆ ತೊಟ್ಟುಕೊಂಡು ಹೋಗಿದ್ದರು.

ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲ. ಕೋಟಿನ ಕೆಳ ಅಂಚಿನಲ್ಲಿ ಒಳಕ್ಕೆ ಮಡಿಸಿದ್ದ ಬಟ್ಟೆ ಸಾಕಷ್ಟಿತ್ತು. ಅದರಿಂದ ಎಳೆ ಚಂದ್ರನಂಥ ಎರಡು ತುಂಡು ತೆಗೆದು ಎರಡೂ ಕಂಕುಳ ಕೆಳಗೆ ಕೂಡಿಸಿ, ಸುತ್ತನ್ನು ಮತ್ತೆ ಮೇಲಕ್ಕೆ ತಂದಳು. ಮೇಷ್ಟ್ರು ಬಂದು ತೊಟ್ಟು ನುಡಿಸಿದರು. ಕಾಲರು ಕದಲಲಿಲ್ಲ.

"ಮೊದಲಿನ ಹಾಗೇ ಆಯ್ತಾ, ಮೇಷ್ಟ್ರೇ?"

ಅವರು ಕಮಾನನ್ನು ಇನ್ನೊಮ್ಮೆ ಮೇಲೆ ಕೆಳಗೆ ಆಡಿಸಿದರು. "ಮೊದಲಿನ ಹಾಗೆ ಅಲ್ಲ. ಆದ್ರೆ ಆಗುತ್ತೆ." ಹಾಗೆಂದು, ಸುಳ್ಳು ಹೇಳಲಾರದ ಮುಖ ಹೊತ್ತು ಹೊರಟುಹೋದರು.

ಆ ಮಾತು ಚುಚ್ಚಿದರೂ ಅವಳ ಕೈಗಳು ಹೊಸದೇನೋ ಕಲಿತಿದ್ದವು. ಗಂಡನಿಗೆ ಗಟ್ಟಿ ಹತ್ತಿಬಟ್ಟೆಯಲ್ಲಿ ಇನ್ನೊಂದು ಅಂಗಿ ಕತ್ತರಿಸಿದಳು. ಈ ಸಲ ಆರ್ಮ್‌ಹೋಲ್ ಮೇಲಿತ್ತು, ಕಂಕುಳಿಗೆ ಹತ್ತಿರ, ಆದರೆ ಚುಚ್ಚದಷ್ಟು ದೂರ. ರಜೆಯ ಬೆಳಿಗ್ಗೆ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು.

"ರೀ, ಎಡಗೈ ಎತ್ತಿ."

ಎತ್ತಿದ. ಕೈ ನೆಟ್ಟಗೆ ಮೇಲೆ ಹೋಯಿತು, ಅಂಗಿಯ ಅಂಚು ಸೊಂಟದಲ್ಲೇ ನಿಂತಿತು. "ಅರೆ!" ಎಂದ ಅವನು. ಟೇಪಕ್ಕ ಚಪ್ಪಾಳೆ ತಟ್ಟುವುದೊಂದು ಬಾಕಿ.

"ಈಗ ಬಲಗೈ."

ಬಲಗೈ ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. "ಬಿಗಿ ಕಣೇ ಇಲ್ಲಿ," ಎಂದ, ಕನ್ನಡಿಯಿಂದ ಮುಖ ತಿರುಗಿಸಿ.

"ಬಿಗಿಯಾಗೋಕೆ ಹೇಗೆ ಸಾಧ್ಯ? ಬಟ್ಟೆ ಮಡಿಸಿ ಎರಡೂ ಕಡೆ ಒಟ್ಟಿಗೇ ಕತ್ತರಿಸಿದೀನಿ."

"ಏನೋ, ನನಗೇನು ಗೊತ್ತು? ಹಿಡಿಯುತ್ತೆ."

ಅತ್ತೆ ಬಲತೋಳು ಬಿಚ್ಚಿಕೊಟ್ಟರು. ಟೇಪಕ್ಕ ಒಂದು ನೂಲಿನಷ್ಟು ಇಳಿಸಿ ಕೂಡಿಸಿದಳು. ಬಿಗಿ. ಮೇಲೆತ್ತಿದಳು. ಬಿಗಿ. ತೋಳನ್ನು ಅಗಲ ಮಾಡಿದಳು. ಆಗಲೂ ಬಿಗಿ. ಈಗಷ್ಟೇ ಕೈಗೆ ಸಿಕ್ಕಿದ್ದ ತಿಳಿವು ಜಾರಿಹೋಗುತ್ತಿರುವಂತೆ ಅನಿಸಿತು. ಎಡಗಡೆಗೆ ನಿಜವಾದದ್ದು ಬಲಗಡೆಗೆ ಯಾಕೆ ಸುಳ್ಳು?

ಮಧ್ಯಾಹ್ನ ಊಟಕ್ಕೆ ಮೊದಲು ಗಂಡ ಸ್ನಾನ ಮುಗಿಸಿ ಬರಿಮೈಯಲ್ಲಿ ಹೊರಗೆ ಬಂದ. ಟವೆಲು ಅವನ ಬಲಗಡೆಯ ಹಗ್ಗದ ಮೇಲಿತ್ತು. ಅವನು ಮೈಯನ್ನು ಪೂರ್ತಿ ತಿರುಗಿಸಿ ಎಡಗೈಯಿಂದ ಅದನ್ನು ಎಳೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಟೇಪಕ್ಕ ಅದನ್ನು ಕಂಡಳು.

"ರೀ, ಅದನ್ನ ಬಲಗೈಲಿ ವಾಪಸ್ ಹಾಕಿ ನೋಡೋಣ."

"ಯಾಕೆ?"

"ಹಾಕಿ ಅಂದೆ."

ಕೈ ಹೆಗಲ ಮಟ್ಟಕ್ಕೆ ಬಂತು. ಅಲ್ಲೇ ನಿಂತಿತು. ಅವನ ಮುಖ ಕಿವುಚಿಕೊಂಡಿತು.

"ಮೈಮೇಲೆ ಅಂಗೀನೇ ಇಲ್ಲವಲ್ರೀ. ಈಗ ಯಾವುದು ಬಿಗಿ?"

ಅವನು ಟವೆಲು ಕೊರಳಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತ. ಚಳಿ ಶುರುವಾದಾಗಿನಿಂದ ಹೀಗಂತೆ. ಮೊದಮೊದಲು ನೋವು, ಆಮೇಲೆ ಕೈ ಏರುವುದೇ ನಿಂತುಹೋಯಿತಂತೆ. ಎಡಗೈಯಲ್ಲಿ ಕುಂಚ ಹಿಡಿದು ಹೇಗೋ ನಡೆಸುತ್ತಿದ್ದನಂತೆ.

"ಹೇಳಿದ್ರೆ ಏಣಿ ಹತ್ತಬೇಡ ಅಂತೀಯ. ಅಂಗಿ ಮೇಲೆ ತಪ್ಪು ಹಾಕಿದ್ರೆ ಯಾರಿಗೂ ನೋವಿಲ್ಲ ಅಂದ್ಕೊಂಡೆ."

"ನನಗೆ ನೋವಿಲ್ವಾ? ಕತ್ತರಿ ಹಿಡ್ಕೊಂಡು ಹುಚ್ಚಿ ಥರ ಆಗಿದೀನಲ್ರೀ!" ಅವಳ ದನಿ ಏರಿತು. ಆಮೇಲೆ ಏನೋ ಹೊಳೆದು ತಡೆದಳು. "ಹಾಗಾದ್ರೆ ಅಂಗಿ ಮೇಲೆ ಬರ್ತಿದ್ದದ್ದೂ ಸುಳ್ಳಾ?"

"ಇಲ್ಲ ಇಲ್ಲ. ಅದು ನಿಜ. ಎಡಗೈ ಎತ್ತಿದ್ರೂ ಬರ್ತಿತ್ತು. ಅದು ನಿನ್ನ ಅಂಗೀದೇ ತಪ್ಪು."

ಬೈಯಬೇಕೋ, ಅಳಬೇಕೋ, ನಗಬೇಕೋ ಅವಳಿಗೆ ತಿಳಿಯಲಿಲ್ಲ. ಒಂದೇ ಅಂಗಿ ಎಡಗಡೆ ನಿಜ ಹೇಳಿತ್ತು, ಬಲಗಡೆ ಸುಳ್ಳು ಹೇಳಿತ್ತು. ಅವಳು ಅವನ ಪಕ್ಕದಲ್ಲಿ ಕೂತು, ಆ ಬಲಹೆಗಲ ಮೇಲೆ ಕೈಯಿಟ್ಟಳು. ಇಷ್ಟು ದಿನ ಟೇಪು ಸುತ್ತಿ ಅಳೆದ ಹೆಗಲು, ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಡಾಕ್ಟರು ಕೀಲು ಬಿಗಿದುಕೊಂಡಿದೆ ಎಂದರು. ನಿಧಾನವಾಗಿ ಬಿಡುತ್ತದೆ, ಅವಸರ ಮಾಡಬಾರದು. ವ್ಯಾಯಾಮ ಕಲಿಸುವ ಹುಡುಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಬೇಕು ಎಂದಳು. "ಜೀವಮಾನ ಎಲ್ಲ ಗೋಡೆ ಮುಂದೇನೇ," ಎಂದ ಅವನು, ಬೆರಳು ಹತ್ತಿಸುತ್ತ. ಛಾವಣಿಗಳನ್ನು ಜೊತೆಗಾರನಿಗೆ ಬಿಟ್ಟು ತಾನು ಬಾಗಿಲು, ಕಿಟಕಿ, ಕೆಳಗೋಡೆಗಳಿಗೆ ಇಳಿದ. ಇಷ್ಟೂ ಸಾಲದೆಂಬಂತೆ ಅಂಗಿ ಇನ್ನೊಂದು ತಕರಾರು ತೆಗೆಯಿತು: ಸುತ್ತು ಮೇಲಿದ್ದರೆ ತೊಟ್ಟ ಮೇಲೆ ಸುಖ, ಆದರೆ ಬಿಗಿದ ಕೈಯನ್ನು ಅದರೊಳಗೆ ತೂರಿಸುವುದೇ ಕಷ್ಟ. ಕೊನೆಗೆ ಬಲಗಡೆ ಹೆಗಲ ಮೇಲಿನ ಹೊಲಿಗೆ ಬಿಚ್ಚಿ ಗುಂಡಿ ಇಟ್ಟಳು. ಅವನು ಗುಂಡಿ ಹಾಕಿಸಿಕೊಳ್ಳಲು ದಿನಾ ಬೆಳಿಗ್ಗೆ ಅವಳ ಮುಂದೆ ಬಂದು ನಿಲ್ಲತೊಡಗಿದ. ಅದರಲ್ಲಿ ಅವನಿಗೇನೂ ಬೇಸರವಿದ್ದಂತಿರಲಿಲ್ಲ.

ಕಂಡಕ್ಟರನ್ನೂ ಟೀಚರಮ್ಮನನ್ನೂ ಕರೆದು ಅವರ ಬಟ್ಟೆ ಸರಿಮಾಡಿಕೊಟ್ಟಳು. ಟೀಚರಮ್ಮ ಹರಸಿದರು. ಕಂಡಕ್ಟರ್ ಮೂರನೇ ದಿನ ಬಂದು, ತುಂಬಿದ ಬಸ್ಸಿನ ಸೆಕೆಗೆ ಕಂಕುಳಲ್ಲಿ ಅಂಟುತ್ತೆ, ಮೊದಲಿದ್ದ ಹಾಗೇ ಮಾಡಿ ಎಂದ.

ಅದೇ ವಾರ ಅತ್ತೆ ತಮ್ಮ ಚಳಿಯ ಜಾಕೀಟು ತಂದು ಮೇಜಿನ ಮೇಲೆ ಹಾಕಿದರು. "ನನಗೆ ಮಾತ್ರ ಕಂಕುಳ ಸುತ್ತು ದೊಡ್ಡದೇ ಇರಲಿ. ಒಳಗೆ ಎರಡು ಸ್ವೆಟರು ಹೋಗ್ಬೇಕು. ಕೈ ಎತ್ತಿ ನಾನು ಇನ್ಯಾವ ಮರ ಹತ್ಬೇಕು?"

ಟೇಪಕ್ಕ ಸೀಮೆಸುಣ್ಣ ಕೈಗೆತ್ತಿಕೊಂಡಳು. ಎಲ್ಲಿ ಗೆರೆ ಹಾಕುವುದೆಂದು ಹೊಳೆಯಲಿಲ್ಲ.

"ಅತ್ತೆ, ಒಂದ್ಸಲ ಕೈ ಎತ್ತಿ."

"ಯಾಕಮ್ಮಾ?"

"ಗೊತ್ತಿಲ್ಲ. ಎತ್ತಿ."

ಅತ್ತೆ ಬ್ಲೇಡನ್ನು ಹುಷಾರಾಗಿ ಕಿಟಕಿಯಲ್ಲಿಟ್ಟು ಎರಡೂ ಕೈ ಎತ್ತಿದರು. ಅವು ತಲೆ ದಾಟಿ, ಕನ್ನಡಿಯ ಅಂಚು ದಾಟಿ ನೆಟ್ಟಗೆ ಮೇಲೆ ಹೋದವು. ಗೋಡೆಗೆ ಬೆರಳು ಹತ್ತಿಸುತ್ತಿದ್ದ ಮಗ ಅರ್ಧದಲ್ಲೇ ನಿಂತು ಬಾಯಿ ಬಿಟ್ಟು ನೋಡಿದ. ದೊಡ್ಡ ಸುತ್ತು ಕೇಳಿದವರ ಕೈಯೇ ಎಲ್ಲರಿಗಿಂತ ಮೇಲೆ ಹೋಗಿತ್ತು; ಟೇಪಕ್ಕ ಸೀಮೆಸುಣ್ಣ ಹಿಡಿದು ಹಾಗೇ ನಿಂತಿದ್ದಳು.

"ಇಳಿಸಲಾ?" ಎಂದರು ಅತ್ತೆ.