ಕೆರೆಗೆ ಬಂದ ಅತಿಥಿ

ಬೆಂಗಳೂರಿನ ಹೊರಮಾವಿನಲ್ಲಿ ಒಂದು ರೂಮು ಖಾಲಿ ಇದೆ ಅಂತ ಕೇಳಿ, ದೀಪಾವಳಿ ಮುಗಿದ ಭಾನುವಾರ ಬೆಳಿಗ್ಗೆ ಓನರ್ ಮನೆಗೆ ಹೋದೆ. ಆ ಮನುಷ್ಯ ಮಿಲಿಟರಿ ಬಣ್ಣದ ಟೋಪಿ ಹಾಕಿಕೊಂಡು ಹೊರಟು ನಿಂತಿದ್ದರು. ಅಪಾರ್ಟ್‌ಮೆಂಟಿನವರನ್ನು ಕರೆದೊಯ್ದು ಕೆರೆಯ ಹಕ್ಕಿ ತೋರಿಸುವುದು ಅವರ ಹವ್ಯಾಸವಂತೆ; ಅವತ್ತೂ ಕ್ಯಾಮೆರಾ ಹಿಡಿದ ಏಳೆಂಟು ಜನ ಗೇಟಿನಲ್ಲಿ ಕಾಯುತ್ತಿದ್ದರು. "ಬಾ, ನಡೀತಾ ಮಾತಾಡೋಣ" ಅಂದರು. ಕೆರೆ ಏರಿ ಹತ್ತಿದ ಮೇಲೆ ಮಾತಾಡಬಾರದು ಅಂತ ಅವರೇ ಬಾಯಿ ಮೇಲೆ ಬೆರಳಿಟ್ಟರು.

ಕೊಳಚೆ ನೀರಿನ ನೊರೆಯ ಪಕ್ಕ ಒಂದೇ ಒಂದು ಸೂಜಿಬಾಲದ ಬಾತು ತೇಲುತ್ತಿತ್ತು. ಓನರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಸೈಬೀರಿಯಾದಿಂದ ಬಂದಿದೆ, ಪಾಪ! ನಮ್ಮೂರಿನ ಅತಿಥಿ. ಯಾರೂ ತೊಂದ್ರೆ ಕೊಡ್ಬೇಡಿ" ಅಂತ ಪಿಸುಗುಟ್ಟಿದರು.

ಮನಸ್ಸು ಕರಗಿದೆ, ಇದೇ ಒಳ್ಳೆ ಹೊತ್ತು ಅಂದುಕೊಂಡು ಮೆಲ್ಲಗೆ ಕೇಳಿದೆ: "ಸರ, ಆ ರೂಮು?"

"ಯಾವೂರು ನಿಂದು?"

"ರಾಯಚೂರು ರೀ."

"ಫ್ಯಾಮಿಲಿ?"

"ಒಬ್ಬನೇ ರೀ."

"ಎಷ್ಟು ದಿನ ಇರ್ತೀಯ?"

ಒಂದೂರಲ್ಲಿ ನಿಂತವನಲ್ಲ ನಾನು. ಸುಳ್ಳು ಬಾಯಿಗೆ ಬರಲಿಲ್ಲ. "ಬ್ಯಾಸಗಿ ತನಕ ಇರ್ತೀನ್ರಿ."

ದುರ್ಬೀನು ಕಣ್ಣಿಂದ ತೆಗೆಯದೆಯೇ ತಲೆ ಅಲ್ಲಾಡಿಸಿದರು. "ಆಗಲ್ಲಪ್ಪ. ಎಲ್ಲಿಂದ್ಲೋ ಒಂಟಿಯಾಗಿ ಬರ್ತೀರ, ನಾಲ್ಕು ತಿಂಗಳಿದ್ದು ಹೋಗ್ಬಿಡ್ತೀರ. ಅಂಥವರನ್ನ ನಂಬೋದು ಹೆಂಗೆ?"

"ಈ ಬಾತು ಎಷ್ಟು ದಿನ ಇರ್ತದ್ರಿ?"

"ಬೇಸಿಗೆ ತನಕ!" ಅಂದರು, ಹೆಮ್ಮೆಯಿಂದ.

ಅಷ್ಟರಲ್ಲಿ ಬಾತು ತಲೆಯನ್ನು ನೀರಲ್ಲಿ ಮುಳುಗಿಸಿ, ಅಂಡನ್ನು ನೇರ ಓನರ್ ಕಡೆಗೆ ಎತ್ತಿ ನಿಂತಿತು. ಕ್ಯಾಮೆರಾಗಳೆಲ್ಲ ಒಟ್ಟಿಗೆ ಕಟಕಟ ಅಂದವು. "ಆಹಾ, ಎಂಥ ಚಂದ!" ಅಂದರು ಓನರ್.

ಬಾಡಿಗೆಗೆ ಬಂದವನು ಹಾಗೆ ನಿಂತಿದ್ದರೆ ಪೊಲೀಸರಿಗೆ ಫೋನ್ ಹೋಗುತ್ತಿತ್ತು.